ಇಟಲಿಯ ಗೇಟಿನಲ್ಲಿ ಮದುಮಗಳು

ಫರೀದಾಬಾದಿನ ಅಂಚಿನಲ್ಲಿ ಅಕ್ಕನ ಅಪಾರ್ಟ್‌ಮೆಂಟು. ಅದಕ್ಕೆ ಇಟಲಿಯ ಒಂದು ಪುಟ್ಟ ಊರಿನ ಹೆಸರು. ಗೇಟಿನ ಗೋಡೆಯಲ್ಲಿ ಅಮೃತಶಿಲೆಯ ಫಲಕ: ರೋಮನ್ನರಿಗಿಂತ ಮೊದಲೇ ಆ ಊರನ್ನು ಯಾರು ಕಟ್ಟಿದರು, ಅಲ್ಲಿ ಯಾವ ಸಂತ, ಯಾವ ಶಿಲ್ಪಿ ಹುಟ್ಟಿದರು ಎಂಬ ವಿವರ. ಇದೇ ನೆಲದಲ್ಲಿ ಮೊನ್ನೆಮೊನ್ನೆಯವರೆಗೆ ಇದ್ದ ಹಳ್ಳಿಯ ಹೆಸರು ಮಾತ್ರ ಅದರಲ್ಲಿಲ್ಲ.

ಆ ಹಳ್ಳಿಯವರೇ ಫಲಕದ ಕೆಳಗೆ ನಿಂತಿದ್ದರು: ಒಬ್ಬ ಮುದುಕಿ, ಅವಳ ಮೊಮ್ಮಗ, ಅವನು ಆಗಷ್ಟೇ ಮದುವೆಯಾಗಿ ಕರೆತಂದ ಹುಡುಗಿ. ಅವರ ಪದ್ಧತಿಯಲ್ಲಿ, ಊರು ಕಟ್ಟಿದ ಮೂಲ ಹಿರಿಯನ ಕಲ್ಲಿಗೆ ಕೈಮುಗಿಯದೆ ಹೊಸ ಸೊಸೆ ಮನೆಯ ಹೊಸ್ತಿಲು ದಾಟುವಂತಿಲ್ಲ. ಕಲ್ಲು ಈಗ ಗೇಟಿನ ಒಳಗೆ, ಈಜುಕೊಳದ ಹಿಂದೆ ಇದೆ. ಗಾರ್ಡ್ ಬಿಡುತ್ತಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹುಡುಗಿಯ ಮುಸುಕು ಕೆಂಪಾಗಿತ್ತೋ ಕಿತ್ತಳೆಯೋ, ಈಗ ಬರೆಯುವಾಗ ಗೊಂದಲ. ನೆನಪನ್ನು ನಂಬಲಾರೆ, ಸಿಟ್ಟನ್ನು ನಂಬುತ್ತೇನೆ.

“ಭಯ್ಯಾ, ಇದು ಅವರದೇ ಊರಲ್ಲವಾ?” ಎಂದು ಗಾರ್ಡನ್ನು ಕೇಳಿದೆ.

“ಅದೆಲ್ಲ ಸರಿ ಸರ್, ಯಾವ ಫ್ಲ್ಯಾಟಿಗೆ ಬಂದವರು ಅಂತ ಹಾಕ್ಲಿ?”

ಅಕ್ಕನಿಗೆ ಫೋನ್ ಮಾಡಿದೆ. “ಗೇಟಿನ ಆಪ್‌ನಲ್ಲಿ ಅತಿಥಿ, ಡೆಲಿವರಿ, ಮನೆಗೆಲಸ, ಇಷ್ಟೇ ಇರೋದು ಕಣೋ. ನಮ್ಮನೆ ಅತಿಥಿಗಳು ಅಂತ ಒತ್ತಿಬಿಡ್ತೀನಿ” ಎಂದಳು.

ಮುದುಕಿಗೆ ಹಿಂದಿಯಲ್ಲಿ ವಿಷಯ ತಿಳಿಸಿದೆ. ಅವಳು ಒಮ್ಮೆ ಫಲಕವನ್ನು, ಒಮ್ಮೆ ನನ್ನನ್ನು ನೋಡಿದಳು. “ಅಚ್ಛಾ, ಅತಿಥಿಗಳಾ! ಚಲೋ ಬೇಟಿ, ಕಲ್ಲಿನ ತಾತನಿಗೂ ಹೇಳೋಣ, ನಿನ್ನ ಮನೆಗೆ ನೆಂಟರು ಬಂದಿದ್ದೀವಿ ಅಂತ.”

ಗಾರ್ಡ್ ಮದುಮಗಳ ಹೂವಿನ ಹಾರದ ಮೇಲೆ ‘ವಿಸಿಟರ್’ ಕಾರ್ಡು ತೂಗುಹಾಕಿದ.