ಒಡ್ಡಿಲ್ಲದ ಕೆರೆ

ಮೊನ್ನೆ ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಮಳೆ ನಿಲ್ಲಲೆಂದು ಕಾಯುತ್ತಿದ್ದಾಗ ಕುರಿಗಾರನೊಬ್ಬ ಓಡಿಬಂದು ನನ್ನ ಪಕ್ಕ ನಿಂತ. ಹೆಗಲ ಮೇಲಿನ ಕಂಬಳಿ ತೊಯ್ದು ತೊಪ್ಪೆಯಾಗಿತ್ತು. ಉಳಿದವರು ಮೂಗು ಮುಚ್ಚಿಕೊಂಡು ಆಚೆ ಸರಿದರು, ನಾನು ಇನ್ನಷ್ಟು ಹತ್ತಿರ ಹೋದೆ. ತೊಯ್ದ ಉಣ್ಣೆಯ ಆ ವಾಸನೆ ನನಗೆ ಎದುರುಮನೆ ಅತ್ತೆಯ ವಾಸನೆ.

ಅತ್ತೆ ಎಂದರೆ ಸಂಬಂಧದಲ್ಲಿ ಏನೂ ಆಗಬೇಕಾಗಿರಲಿಲ್ಲ. ಕನಕಗಿರಿ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪನ ವಾರಿಗೆಯ ಹೆಂಗಸರೆಲ್ಲ ನಮಗೆ ಅತ್ತೆಯರೇ. ಈ ಅತ್ತೆ ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತು ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಕದರು ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಗಂಗಾವತಿಯಿಂದ ಒಂದು ತಂಡ ಬಸ್ಸು ಮಾಡಿಕೊಂಡು ಕೇದಾರಕ್ಕೆ ಹೊರಟಿತ್ತು. ಅತ್ತೆಯೂ ಕಡಕ್ ರೊಟ್ಟಿಯ ಗಂಟು ಕಟ್ಟಿಕೊಂಡು ಹೋದಳು. ಬೇರೆಯವರು ಪ್ರಸಾದ ತಂದರು, ದಾರ ತಂದರು. ಅತ್ತೆ ಒಂದು ಕೆರೆಯ ಸುದ್ದಿ ತಂದಳು.

ದರ್ಶನ ಮುಗಿಸಿ ಎಲ್ಲರೂ ಹೊದ್ದುಕೊಂಡು ನಡುಗುತ್ತಿದ್ದಾಗ, ಗುಡಿಯ ಹಿಂದಿನ ಬೆಟ್ಟ ಹತ್ತುತ್ತಿದ್ದ ಕುರಿಹಿಂಡೊಂದು ಇವಳ ಕಣ್ಣಿಗೆ ಬಿತ್ತಂತೆ. "ಕುರಿ ಮ್ಯಾಲೆ ಹೊಂಟಾವಂದ್ರ ಮ್ಯಾಲೆ ನೀರು ಇರಬೇಕಲ್ಲ? ಎಲ್ಲಿ ಕುಡಿತಾವು ನೋಡೂಣಂತ ಬೆನ್ನು ಹತ್ತಿದೆ," ಅನ್ನುತ್ತಿದ್ದಳು. ಕುರಿ ಕಾಯುವವನಿಗೆ ಕನ್ನಡ ಬಾರದು, ಇವಳಿಗೆ ಹಿಂದಿ ಬಾರದು. ನಾಲಿಗೆ ಲೊಚಗುಟ್ಟಿದರೆ ಅಲ್ಲಿನ ಕುರಿಗಳೂ ತಿರುಗಿ ನೋಡಿದವಂತೆ, ಅವನು ನಕ್ಕನಂತೆ, ಅಷ್ಟೇ ಪರಿಚಯ. ಮೇಲಕ್ಕೆ ಎರಡು ದಾರಿ. ಮನುಷ್ಯರದು ಕಲ್ಲುಗಳ ಮೇಲೆ ನೆಟ್ಟಗೆ ಏರುವ ದಾರಿ, ಉಸಿರು ಕಿತ್ತುಕೊಳ್ಳುವಂಥದ್ದು. ಕುರಿಗಳದು ಬೆಟ್ಟದ ಹೆಗಲು ಬಳಸಿ ಹುಲ್ಲಿನ ಮೇಲೆ ಹೋಗುವ ದೂರದ ದಾರಿ. ಅತ್ತೆ ಕುರಿಗಳ ದಾರಿ ಹಿಡಿದಳು.

ಮೇಲೆ ಕೆರೆ ಇತ್ತಂತೆ. ಸುತ್ತ ಒಂದು ಗಿಡವಿಲ್ಲ, ಒಂದು ಕಪ್ಪೆಯ ಸದ್ದಿಲ್ಲ, ನೀರಿನ ಮೇಲೆ ಹಿಮದ ಹೆಂಟೆ ತೇಲುತ್ತಿದ್ದವಂತೆ. ನಮ್ಮ ಕಡೆ ಬಾವಿ, ಕೆರೆಗಳಿಗೆ ಮಾಡುವಂತೆ ದಂಡೆಯಲ್ಲಿ ಐದು ಕಲ್ಲು ಇಟ್ಟು ಗಂಗವ್ವನ ಪೂಜೆ ಮಾಡಿ, ರೊಟ್ಟಿ ಮುರಿದು ಎಡೆ ಹಿಡಿದು ಬಂದಳು. ಕೆಳಗೆ ತಂಡದವರು ಗಾಬರಿಯಲ್ಲಿ ಹುಡುಕುತ್ತಿದ್ದರು. ಬೈಗುಳ ಹೊಟ್ಟೆ ತುಂಬ ಸಿಕ್ಕಿತು.

ಊರಿಗೆ ಬಂದ ಮೇಲೆ ಕಟ್ಟೆಯಲ್ಲಿ ದಿನಾ ಅದೇ ಕಥೆ. ಕೆರೆ ಒಂದು ದಿನ ನಮ್ಮೂರ ಕೆರೆಯಷ್ಟಿದ್ದರೆ ಮರುದಿನ ಇಡೀ ಸಂತೆ ಮುಳುಗುವಷ್ಟು ದೊಡ್ಡದಾಗುತ್ತಿತ್ತು. ಯಾರೂ ತಕರಾರು ಮಾಡಲಿಲ್ಲ... ಅಪ್ಪ ಬಾಯಿ ಹಾಕುವ ತನಕ.

ಅಪ್ಪ ನಮ್ಮೂರ ಕೆರೆಯ ನೀರಗಂಟಿ. ತೂಬು ತೆರೆದು ಹೊಲಗಳಿಗೆ ನೀರು ಬಿಡುವುದು, ಒಡ್ಡಿನಲ್ಲಿ ಇಲಿ ತೋಡಿದ ಬಿಲ ಮುಚ್ಚುವುದು ಅವನ ಕೆಲಸ. ಕೆರೆಯ ವಿಷಯದಲ್ಲಿ ಊರಿಗೆ ಅವನ ಮಾತೇ ಕೊನೆ.

"ಒಡ್ಡು ಯಾವ ದಿಕ್ಕಿಗೈತಿ?" ಅಂದ.

"ಒಡ್ಡು ಇಲ್ಲೋ ಅಣ್ಣಾ. ಯಾರೂ ಕಟ್ಟಿಲ್ಲ ಅದನ್ನ."

"ಒಡ್ಡಿಲ್ದ ನೀರು ಹರದು ಹೋಗೂದು ಬಿಟ್ಟು ನಿನ್ನ ಹಾದಿ ಕಾಯ್ಕೋತ ಕುಂತಿತ್ತೇನು?"

ಕಟ್ಟೆಯೆಲ್ಲ ನಕ್ಕಿತು. ನಗದೆ ಏನು ಮಾಡುತ್ತಾರೆ? ನಮ್ಮ ಸೀಮೆಯಲ್ಲಿ ಎಷ್ಟು ಸಣ್ಣ ಕೆರೆಯಾದರೂ ಯಾರೋ ಬುಟ್ಟಿಯಲ್ಲಿ ಮಣ್ಣು ಹೊತ್ತು ಒಡ್ಡು ಹಾಕಿದ ಮೇಲೇ ಅದು ಕೆರೆ. ಅಂದಿನಿಂದ ಹಾದಿಹೋಕರೂ "ಒಡ್ಡು ಸಿಕ್ತೇನಬೇ?" ಎಂದು ಕೇಳತೊಡಗಿದರು. ಮೊದಮೊದಲು ಅತ್ತೆಯೂ ನಕ್ಕಳು. ಆಮೇಲೆ ಕೆರೆಯ ಮಾತನ್ನೇ ಬಿಟ್ಟಳು. ಅಪ್ಪನ ಮೇಲೆ ಮುನಿಸೇನೂ ಇರಲಿಲ್ಲ, ಅವಳ ಮನೆಯಿಂದ ನಮಗೆ ಮಜ್ಜಿಗೆ ಬರುವುದು ನಿಲ್ಲಲಿಲ್ಲ. ಆದರೆ ಜನ ತನ್ನನ್ನು ಸುಳ್ಳುಗಾತಿ ಅಂದುಕೊಂಡರು ಎಂಬುದು ಅವಳನ್ನು ಒಳಗೇ ತಿನ್ನುತ್ತಿತ್ತು.

ನನಗೊಬ್ಬಳಿಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟಂತಾಗಿತ್ತು. ಒಡ್ಡಿಲ್ಲದೆ ನೀರು ಹೇಗೆ ನಿಂತೀತು? ಉಣ್ಣೆ ಬಿಡಿಸಲು ಕೂಡುವ ನೆಪದಲ್ಲಿ ಕೇಳುತ್ತಿದ್ದೆ, ಅವಳು ದನಿ ತಗ್ಗಿಸಿ ಹೇಳುತ್ತಿದ್ದಳು. ಬಣ್ಣ? ಮೈಲುತುತ್ತ ಕಲಸಿದ ನೀರಿನ ಬಣ್ಣ. ಕುರಿ ಕುಡಿದವಾ? ಮೂತಿ ಇಟ್ಟು, ನೀರು ತಣ್ಣಗೆ ಕೊರೆದಾಗ ಹಿಂದೆ ಸರಿದವು. ಒಮ್ಮೆ ಕದರು ನಿಲ್ಲಿಸಿ ಹೇಳಿದಳು: "ನೀ ದೊಡ್ಡಾಕಿ ಆದಮ್ಯಾಲೆ ಹೋಗಿ ನೋಡಿ ಬಾ. ನಾ ಹೇಳಿದ್ರ ನಡಿಯಂಗಿಲ್ಲ. ನಿಮ್ಮಪ್ಪಗ ನೀನ ಹೇಳು."

ಯಲಬುರ್ಗಾದಲ್ಲಿ ನೌಕರಿ ಸಿಕ್ಕಿತು, ಮಕ್ಕಳಾದವು, ಹೋಗುವುದು ಮುಂದಕ್ಕೆ ಮುಂದಕ್ಕೆ ಬಿತ್ತು. ಅತ್ತೆ ಕಾಯಲಿಲ್ಲ. ಮೂರು ಮಳೆಗಾಲದ ಹಿಂದೆ ತೀರಿಕೊಂಡಳು. ಅವಳ ಮಣ್ಣಿಗೆ ಹೋಗಿ ಬಂದ ದಿನವೇ ಇನ್ನು ತಡ ಮಾಡಬಾರದು ಅನ್ನಿಸಿತ್ತು, ಆದರೂ ಇಷ್ಟು ದಿನ ಹಿಡಿಯಿತು. ಮೊನ್ನೆ ಕುಷ್ಟಗಿಯಲ್ಲಿ ಆ ಕಂಬಳಿಯ ಪಕ್ಕ ನಿಂತಾಗ ನನ್ನ ಬೆನ್ನಿಗಿದ್ದದ್ದು ಕೇದಾರದಿಂದ ಮರಳಿದ ಚೀಲ.

ಕೆರೆ ಇದೆ. ನಾನು ಮನುಷ್ಯರ ದಾರಿಯಲ್ಲೇ ಏಗುತ್ತಾ ಹತ್ತಿದೆ. ಬಣ್ಣ ಮೈಲುತುತ್ತದ್ದೇ. ಐದು ಕಲ್ಲು ಹುಡುಕಿದೆ. ದಂಡೆ ತುಂಬ ಯಾರು ಯಾರೋ ಕಲ್ಲು ಪೇರಿಸಿಟ್ಟಿದ್ದರು, ಅವಳವು ಯಾವುವೋ ತಿಳಿಯಲಿಲ್ಲ. ಆಮೇಲೆ ಇಳಿಜಾರಿನ ಕಡೆ ನೋಡಿದೆ. ಅಲ್ಲಿ ಒಡೆದ ಕಲ್ಲುಗಳ ಉದ್ದನೆಯ ದಿಬ್ಬವೊಂದು ನೀರಿಗೆ ಅಡ್ಡ ಮಲಗಿತ್ತು, ಕುರಿಗಳ ದಾರಿ ಬಂದು ಸೇರುತ್ತಿದ್ದದ್ದು ಅದರ ಮೇಲೇ. ಒಂದು ಮೂಲೆಯಲ್ಲಿ ಹೆಚ್ಚಿನ ನೀರು ಕೋಡಿಯಾಗಿ ಹೊರಗೆ ಹರಿಯುತ್ತಿತ್ತು. ದಾರಿ ತೋರಿಸಲು ಬಂದಾತನನ್ನು ಕೇಳಿದೆ. ಹಿಂದಿನ ಕಾಲದಲ್ಲಿ ಹಿಮದ ರಾಶಿ ಕೆಳಗೆ ಜಾರುತ್ತಾ ಕಲ್ಲುಗಳನ್ನು ಮುಂದಕ್ಕೆ ದೂಡಿತು, ಹಿಮ ಕರಗಿತು, ಕಲ್ಲು ಉಳಿದು ನೀರು ತಡೆಯಿತು ಅಂದ. ನಾನು ಜೋರಾಗಿ ನಕ್ಕುಬಿಟ್ಟೆ. ಅತ್ತೆ ಒಡ್ಡಿನ ಮೇಲೇ ನಿಂತು ಒಡ್ಡಿಲ್ಲ ಎಂದು ಬಂದಿದ್ದಳು!

ಊರಿಗೆ ಹೋದವಳೇ ಅಪ್ಪನಿಗೆ ಹೇಳಿದೆ. ಅವನು ಚಹಾದ ಬಸಿ ಕೆಳಗಿಟ್ಟ.

"ಕೋಡಿ ಐತೇನು?" ಎಂದು ಕೇಳಿದ.

"ಐತಿ. ಎಡಕ್ಕ ಹರಿತೈತಿ."

"ಹಂಗಾರ ಅದು ಕೆರಿನ ಬಿಡು."

ಎದ್ದು ಚಪ್ಪಲಿ ಮೆಟ್ಟಿಕೊಂಡು ಎದುರುಮನೆಗೆ ನಡೆದ. ನಾನೂ ಹಿಂದೆ ಹೋದೆ. ಅತ್ತೆಯ ಸೊಸೆ ಅಂಗಳದಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. ಅಪ್ಪ ಓಣಿಗೆಲ್ಲ ಕೇಳುವಂತೆ, ಅಂದು ಕಟ್ಟೆಯಲ್ಲಿ ಕೇಳಿದ ಅದೇ ದನಿಯಲ್ಲಿ, "ನಿಮ್ಮತ್ತಿ ಹೇಳಿದ್ದು ಖರೇ ಐತವಾ. ಕೆರಿ ಐತಿ!" ಅಂದ.

ಅವಳು ಮೊರ ಹಿಡಿದೇ ತಲೆ ಎತ್ತಿದಳು. "ಯಾವ ಕೆರಿರೀ, ಮಾವಾ?"

ಆ ಮನೆಗೆ ಅವಳು ಸೊಸೆಯಾಗಿ ಬರುವ ಹೊತ್ತಿಗೆ ಅತ್ತೆ ಕೆರೆಯ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅಪ್ಪ ನನ್ನ ಮುಖ ನೋಡಿದ. ಆಮೇಲೆ ಅತ್ತೆ ನೂಲುತ್ತಿದ್ದ ಕಟ್ಟೆಯ ಮೇಲೆ ಮೆಲ್ಲಗೆ ಕುಳಿತು, ಪಕ್ಕದಲ್ಲಿ ನನಗೂ ಜಾಗ ಬಿಟ್ಟು, ಶುರು ಮಾಡಿದ.

"ಗುಡಿ ಹಿಂದ ಕುರಿ ಮ್ಯಾಲೆ ಹೊಂಟಿದ್ವಂತವಾ..."