ಗಾಲಿಗೆ ಬಳಿದ ಸುಣ್ಣ

ಮೇಸ್ತ್ರಿಗಳ ಬಲಗೈ ಕಿರುಬೆರಳಿನ ಉಗುರು ಮಾತ್ರ ಅರ್ಧ ಅಂಗುಲ ಬೆಳೆದಿತ್ತು. ಉಳಿದ ಒಂಬತ್ತನ್ನೂ ಮಾಂಸಕ್ಕೆ ತಾಗುವಷ್ಟು ಕತ್ತರಿಸಿಕೊಳ್ಳುತ್ತಿದ್ದರು. ಆ ಒಂದು ಉಗುರನ್ನು ಕಬ್ಬಿಣದ ಮೇಲೆ ಮೆಲ್ಲಗೆ ಎಳೆಯುತ್ತ ಹೋಗುವರು. ಎಲ್ಲಿ ತಡೆಯಿತೋ ಅಲ್ಲಿ ಬಿರುಕು. ನಮ್ಮ ಸೀಮೆಯಲ್ಲಿ ಯಾರೇ ಹಳೆಯ ಎಂಜಿನ್ ಸಾಮಾನು ಕೊಂಡರೂ ಕೂಡಿಸುವ ಮೊದಲು ಕಡೂರಿನಿಂದ ಅವರನ್ನು ಕರೆಸುತ್ತಿದ್ದರು.

ಮಹಾರಾಜರ ಆಳ್ವಿಕೆಯ ಕಾಲ. ನಾನು ಅಜ್ಜಂಪುರದ ಅಕ್ಕಿ ಗಿರಣಿಯಲ್ಲಿ ಎಂಜಿನ್ ಡ್ರೈವರ್. ಎಂಜಿನ್ನಿನ ತಲೆಯನ್ನು ದೀಪದಿಂದ ಕೆಂಪಗೆ ಕಾಯಿಸಿ, ಪಕ್ಕದಲ್ಲೇ ನಿಂತು, ಎದೆಯೆತ್ತರದ ಗಾಲಿಯನ್ನು ಕೈಯಿಂದ ತಿರುಗಿಸಿ ಶುರು ಮಾಡಬೇಕು. ಗಾಲಿ ಒಡೆದರೆ ಮೊದಲು ಹೋಗುವವನು ಅಲ್ಲಿ ನಿಂತವನೇ.

ಮೇಸ್ತ್ರಿಗಳ ಬಾಯಲ್ಲಿ ‘ಪರವಾಗಿಲ್ಲ’ ಅನ್ನುವ ಮಾತೇ ಬರುತ್ತಿರಲಿಲ್ಲ. ಸಾರು ಹೇಗಿದೆ ಎಂದು ನನ್ನ ಹೆಂಡತಿ ಕೇಳಿದರೆ, “ಉಪ್ಪು ಕಮ್ಮಿ ಕಣಮ್ಮ” ಎಂದು ನೇರವಾಗಿ ಹೇಳುವರು. ಒಮ್ಮೆ ಇದನ್ನೇ ಹಿಡಿದು ತಮಾಷೆ ಮಾಡಿದೆ. ಅವರು ನಗಲಿಲ್ಲ.

“ಒಂದ್ಸಲ ಅಂದಿದ್ದೆ ಕಣ್ರೀ, ಬೇರೆ ಊರಿನ ಗಿರಣೀಲಿ. ಗಾಲಿ ನೋಡಿ ಪರವಾಗಿಲ್ಲ ಅಂದ್ಬಿಟ್ಟೆ. ಮೂರನೇ ದಿನ ಒಡೀತು. ಡ್ರೈವರ್‌ನ ಚಾಪೇಲಿ ಸುತ್ಕೊಂಡು ಮನೆಗೆ ತಂದ್ರು.”

ಅಂದಿನಿಂದ ನನಗೆ ಗಾಲಿ ತಿರುಗುವ ಸದ್ದಿನಲ್ಲಿ ಬೇರೇನೋ ಕೇಳತೊಡಗಿತು. ಊಟಕ್ಕೆ ಕುಳಿತರೂ ಆ ಚಾಪೆ ಕಣ್ಣಿಗೆ ಕಟ್ಟುತ್ತಿತ್ತು. ಆ ವರ್ಷವೇ ನಮ್ಮ ಗಾಲಿ ಸೀಳು ಬಿಟ್ಟಿತು. ಯಜಮಾನರು ತರೀಕೆರೆಯಲ್ಲಿ ಮುಚ್ಚಿಹೋದ ಗಿರಣಿಯೊಂದರ ಹಳೆಯ ಗಾಲಿಯನ್ನು ಗಾಡಿಯಲ್ಲಿ ತರಿಸಿದರು. ಮಾರನೆಯ ದಿನ ಮೇಸ್ತ್ರಿಗಳು ಬರುವವರಿದ್ದರು.

ನನಗೆ ತಡೆಯಲಾಗಲಿಲ್ಲ. ಹೆಂಡತಿ ಏಳು ತಿಂಗಳ ಬಸುರಿ. ಹೊರಗಿನಿಂದ ಬಂದ ಯಾವ ಸಾಮಾನನ್ನೂ ಪೂಜೆಯಿಲ್ಲದೆ ಮುಟ್ಟುವ ರೂಢಿ ನಮ್ಮಲ್ಲಿಲ್ಲ. ಆ ರಾತ್ರಿಯೇ ಗಾಲಿಗೆ ಮೈತುಂಬ ಹರಳೆಣ್ಣೆ ಸವರಿ, ವಿಭೂತಿ ಬಳಿದು, ಕುಂಕುಮವಿಟ್ಟು, ಕಾಯಿ ಒಡೆದು ಕೈಮುಗಿದೆ. ಬೆಳಿಗ್ಗೆ ಬಂದು ಅದನ್ನು ನೋಡಿದ ಮೇಸ್ತ್ರಿಗಳು ಅಲ್ಲೇ ಕುಕ್ಕರಿಸಿದರು.

“ಅಯ್ಯೋ ಡ್ರೈವರ್ರೇ, ಎಂಥಾ ಕೆಲ್ಸ ಮಾಡ್ಬಿಟ್ರಿ! ಉಗುರಿಗೆ ಸಿಗದ ಬಿರುಕು ಹುಡುಕೋಕೆ ಸೀಮೆಎಣ್ಣೇಲಿ ತೊಳೆದು, ಒರೆಸಿ, ಸುಣ್ಣ ಬಳೀತೀನಿ. ಬಿರುಕಲ್ಲಿ ಉಳಿದ ಸೀಮೆಎಣ್ಣೆ ಸುಣ್ಣಕ್ಕೆ ಒಸರಿ ಕಪ್ಪು ಗೆರೆ ಬರ್ತದೆ. ಈಗ ಕಬ್ಬಿಣ ಹರಳೆಣ್ಣೆ ಕುಡಿದು ಕೂತಿದೆ. ಅದೇ ಒಸರಿ ಗೆರೆ ಬರಬಹುದು, ಇಲ್ಲಾ ಬಿರುಕನ್ನೇ ಮುಚ್ಚಿರಬಹುದು. ಸುಣ್ಣ ಏನು ಹೇಳಿದ್ರೂ ಹೆಂಗ್ರೀ ನಂಬೋದು?” ಆಮೇಲೆ ದನಿ ತಗ್ಗಿಸಿ, “ಕುಂಕುಮ ನೀವೇ ಅಳಿಸಿ. ಬೇರೆ ಮತದ ನಾನು ಅಳಿಸಿದ್ರೆ ಊರಿಗೆ ಬೇರೆ ಥರ ಕಾಣ್ತದೆ” ಎಂದರು.

ದೇವರ ಕುಂಕುಮವನ್ನು ನಾನೇ ಚಿಂದಿಯಲ್ಲಿ ಒರೆಸಿದೆ. ಇನ್ನು ಕಾಯುವವರು ಯಾರು ಅನ್ನಿಸಿತು.

ಮೊದಲ ಸಲ ಸುಣ್ಣ ಬಳಿದಾಗ ಗಾಲಿಯ ನಡುವಿನ ಗುಂಬದ ಹತ್ತಿರ ಕೂದಲೆಳೆಯ ಗೆರೆ ಮೂಡಿತು. ಉಗುರು ಎಳೆದರು, ತಡೆಯಲಿಲ್ಲ. ಅಂಟುವಾಳದ ಕುದಿನೀರಿನಲ್ಲಿ ಉಜ್ಜಿ, ಸೀಮೆಎಣ್ಣೆ ಹಾಕಿ, ಮತ್ತೆ ಬಳಿದರು. ಗೆರೆ ಅರ್ಧವಾಯಿತು. ಮೂರನೆಯ ಸಲ ಏನೂ ಇಲ್ಲ. ಮರದ ಸುತ್ತಿಗೆಯಿಂದ ತಟ್ಟಿದರೆ ಗಾಲಿ ಗಂಟೆಯ ಹಾಗೆ ದನಿ ಕೊಟ್ಟಿತು.

ಬುಕ್ಕಾಂಬುಧಿಯ ಭತ್ತದ ಗಾಡಿಗಳು ಎರಡು ದಿನದಿಂದ ನಿಂತಿದ್ದವು. “ಆಯ್ತಲ್ಲ, ಕೂಡ್ಸಿ ಶುರು ಮಾಡ್ರಿ” ಎಂದರು ಯಜಮಾನರು.

“ಗೆರೆ ಬರೀ ಎಣ್ಣೇದೋ, ಬಿರುಕಿದ್ದೂ ಸುಮ್ಮನಾಯ್ತೋ, ನನಗೆ ಗೊತ್ತಿಲ್ಲ ಯಜಮಾನ್ರೇ” ಎಂದರು ಮೇಸ್ತ್ರಿಗಳು. ಯಜಮಾನರು ಆಗಲೇ ಗಾಡಿಗಳ ಕಡೆ ಹೊರಟಿದ್ದರು.

ಗಾಲಿ ಕೂಡಿಸಿ, ಎಂಜಿನ್ ಕಾಯಿಸಿದ್ದಾಯಿತು. ನಾನು ಮಾತ್ರ ಗಾಲಿಯ ಹತ್ತಿರ ಹೋಗಲಿಲ್ಲ. ಮೇಸ್ತ್ರಿಗಳು ನನ್ನ ಮುಖ ನೋಡಿದರು.

“ಆ ಕಲ್ಲುಗೋಡೆ ಹಿಂದೆ ಹೋಗಿ. ಇವತ್ತು ನಾನೇ ತಿರುಗಿಸ್ತೀನಿ.”

ಬೇಡ ಅನ್ನಬೇಕಿತ್ತು. ಅವರು ಹೇಳಿ ಮುಗಿಸುವ ಮೊದಲೇ ಗೋಡೆಯ ಹಿಂದೆ ಸೇರಿಕೊಂಡಿದ್ದೆ. ಎಂಜಿನ್ ಒಮ್ಮೆ ಕೆಮ್ಮಿ, ಬಡಿಯತೊಡಗಿ, ವೇಗ ಹಿಡಿಯಿತು. ಕಿವಿ ಮುಚ್ಚಿಕೊಂಡು ಕುಳಿತೆ. ಎಷ್ಟು ಹೊತ್ತೋ ತಿಳಿಯದು. ಅವರು ಕೂಗಿದಾಗ ಹೋಗಿ ನೋಡಿದರೆ ಅವರ ಅಂಗಿ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿತ್ತು.

“ಭಯ ಆಗ್ಲಿಲ್ವಾ ಮೇಸ್ತ್ರಿಗಳೇ?”

“ಆಗ್ದೆ ಏನ್ರೀ? ನನಗೂ ಮೂರು ಮಕ್ಕಳವೆ” ಎಂದು ಗಾಲಿಯ ಪಕ್ಕದ ಜಾಗವನ್ನು ನನಗೆ ಬಿಟ್ಟುಕೊಟ್ಟರು.

ಆ ಗಾಲಿ ಒಡೆಯಲಿಲ್ಲ. ವರ್ಷಗಟ್ಟಲೆ ಅದರ ಪಕ್ಕದಲ್ಲೇ ನಿಂತು ದುಡಿದು ಮಗಳನ್ನು ಬೆಳೆಸಿದೆ. ಮೇಸ್ತ್ರಿಗಳು ತೀರಿಕೊಂಡ ಸುದ್ದಿ ಬಂದಾಗ ಎಂಜಿನ್ ನಿಲ್ಲಿಸಿ ರೈಲು ಹತ್ತಿ ಕಡೂರಿಗೆ ಹೋದೆ. ನಾನು ಊರಿನ ಹೆಸರು ಹೇಳಿದ್ದೇ ಅವರ ಹಿರಿಯ ಮಗ ನನ್ನ ಎರಡೂ ಕೈ ಹಿಡಿದುಕೊಂಡ.

“ಅಜ್ಜಂಪುರದ ಡ್ರೈವರ್ರಾ? ಅಬ್ಬಾ ನಿಮ್ಮ ಮಾತು ಆಡ್ತಾನೇ ಇದ್ರು. ಅನುಮಾನದ ಗಾಲಿ ಪಕ್ಕ ಎದೆ ಕೊಟ್ಟು ನಿಂತ್ಕೊಂಡ್ರಂತೆ ನೀವು. ಅಂಥಾ ಧೈರ್ಯ ನಾನು ಕಾಣೆ ಅಂತಿದ್ರು.”

ಸುತ್ತ ಕುಳಿತವರೆಲ್ಲ ನನ್ನನ್ನು ಗೌರವದಿಂದ ನೋಡಿದರು. ಇಲ್ಲಪ್ಪಾ, ನಿಂತವರು ನಿಮ್ಮ ತಂದೆ, ನಾನು ಗೋಡೆಯ ಹಿಂದಿದ್ದೆ ಎಂದು ಹೇಳಲು ಆ ದಿನವೂ ನನಗೆ ಭಯವಾಯಿತು.