ಆನೆಹಲ್ಲಿನಲ್ಲಿ ಸಿಕ್ಕ ರೇಷ್ಮೆ

ಮಾರಿಕುಪ್ಪಂನಿಂದ ಬರುವ ಬೆಂಗಳೂರು ರೈಲನ್ನು ಬೆಳಿಗ್ಗೆ ಬಂಗಾರಪೇಟೆಯಲ್ಲಿ ಹತ್ತುವವರನ್ನು ಏನು ಕೆಲಸ ಎಂದು ಕೇಳಿ ನೋಡಿ. ಗಾರ್ಮೆಂಟ್ಸ್, ಸೆಕ್ಯೂರಿಟಿ, ಆಸ್ಪತ್ರೆ ಎನ್ನುತ್ತಾರೆ. ಶ್ಯಾಮಲಕ್ಕ ಮಾತ್ರ "ಹಲ್ಲು ಕೊರೀತೀನಿ" ಎನ್ನುತ್ತಾಳೆ. ಡಾಕ್ಟರಾ ಎಂದರೆ ಅಲ್ಲ. ರೋಗಿ ಯಾರು ಎಂದರೆ, ಸತ್ತು ಲಕ್ಷಾಂತರ ವರ್ಷವಾಗಿದೆ! ಇಡೀ ರೈಲಿನಲ್ಲಿ ಇಂಥವರು ಇನ್ನೊಬ್ಬರಿದ್ದರೆ ತೋರಿಸಿ.

ಹುಟ್ಟಿದ್ದು ಉರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಓದಿದ್ದು ಎಸ್ಸೆಸ್ಸೆಲ್ಸಿ. ಆಮೇಲೆ ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವ ಅಂಗಡಿಯಲ್ಲಿ ಒಂಬತ್ತು ವರ್ಷ ಪುಟ್ಟ ಡ್ರಿಲ್ಲು ಹಿಡಿದಳು. ಮದುವೆಯಾಗಿ ಬಂದದ್ದು ಬಂಗಾರಪೇಟೆ ಪಕ್ಕದ ಹಳ್ಳಿಯ ರೇಷ್ಮೆಹುಳ ಸಾಕುವ ಮನೆಗೆ. ಬೆಂಗಳೂರಿನ ಒಂದು ಲ್ಯಾಬಿನವರಿಗೆ ನಡುಗದ ಕೈ ಬೇಕಾಗಿತ್ತು. ಅಲ್ಲಿನ ಮುಖ್ಯಸ್ಥೆ ಕಲಾ ಮೇಡಂ ಇವಳ ಕೈ ನೋಡಿ ಸೇರಿಸಿಕೊಂಡರು.

ಅತ್ತೆ ಆದಿಲಕ್ಷ್ಮಮ್ಮನಿಗೆ ಮಾತ್ರ ಇದು ಇವತ್ತಿಗೂ ತಮಾಷೆ. "ಸತ್ತ ಆನೆ ಹಲ್ಲುಜ್ಜಾಕೆ ಬೆಂಗ್ಳೂರ್ಗಂಟ ಓಗ್ತೀಯಲ್ಲೇ, ನಿಮ್ಮತ್ತೆಗೆ ಇರೋದೇ ನಾಕು, ಅದ್ನೂ ಒಂದಿನ ನೋಡ್ಬಾರ್ದಾ?"

"ನೀವಿನ್ನೂ ಬದ್ಕಿದ್ದೀರಲ್ಲತ್ತೆ, ನಮ್ ಲ್ಯಾಬಿಗೆ ಆಗಲ್ಲ!"

ಕೆಲಸ ಇಷ್ಟು. ಅಳಿದುಹೋದ ಪ್ರಾಣಿಗಳ ಡಿಎನ್ಎ ಹಾಳಾದ ಮೇಲೂ ಹಲ್ಲಿನ ಗಟ್ಟಿ ಪದರದೊಳಗೆ ಒಂದಿಷ್ಟು ಪ್ರೋಟೀನ್ ಉಳಿದಿರುತ್ತದೆ. ಪ್ರೋಟೀನನ್ನು ಮಣಿಸರ ಎಂದುಕೊಳ್ಳಿ. ಮಣಿಗಳ ಸಾಲು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಅಲ್ಲಲ್ಲಿ ಬದಲಾಗುತ್ತದೆ. ವ್ಯತ್ಯಾಸ ಕಡಿಮೆಯಿದ್ದಷ್ಟೂ ಸಂಬಂಧ ಹತ್ತಿರ. ಆ ಪದರವನ್ನು ಪುಡಿಯಾಗಿ ಕೊರೆದು ಕೊಡುವುದು ಶ್ಯಾಮಲಕ್ಕ, ಯಂತ್ರದಿಂದ ಮಣಿ ಓದುವುದು ಸುಮಿತಾ ಎಂಬ ಸಂಶೋಧಕಿ. ನಮ್ಮ ಒಂದು ಕೂದಲು, ತಲೆಹೊಟ್ಟಿನ ಒಂದು ಚೂರು ಬಿದ್ದರೂ ಕೆಲಸ ಕೆಟ್ಟಿತು. ಹಾಗಾಗಿ ಒಳಕೋಣೆಗೆ ಟೋಪಿ, ಮಾಸ್ಕು, ಎರಡು ಜೊತೆ ಗ್ಲೌಸು. ಶ್ಯಾಮಲಕ್ಕನಿಗೆ ಇದೇನೂ ಹೊಸದಲ್ಲ, ಹುಳದ ಮನೆಗೂ ಕೈಕಾಲು ತೊಳೆಯದವರನ್ನು ಯಾರು ಬಿಡುತ್ತಾರೆ?

ಕಳೆದ ವರ್ಷ ನರ್ಮದೆಯ ದಂಡೆಯಿಂದ ಒಂದು ದವಡೆ ಹಲ್ಲು ಬಂತು. ಸ್ಟೆಗೊಡಾನ್ ಎಂಬ ಪ್ರಾಣಿಯದು, ನೋಡಲು ಆನೆಯ ಹಾಗೇ ಇತ್ತಂತೆ. ಕೊರೆಯಲು ಒಪ್ಪಿಗೆ ಸಿಕ್ಕಿದ್ದು ಎರಡೇ ಚಿಟಿಕೆ ಪುಡಿಗೆ. ಅಲ್ಲಿಯವರೆಗೆ ಕುರಿ, ಎಮ್ಮೆ ಹಲ್ಲಿನ ಮೇಲೆ ಕೈ ಪಳಗಿಸುತ್ತಿದ್ದ ಶ್ಯಾಮಲಕ್ಕನಿಗೆ ಮೇಡಂ ಮೊದಲ ಸಲ ನಿಜವಾದ ಹಲ್ಲು ಕೊಟ್ಟರು. ಎರಡು ವರ್ಷದಿಂದ ಅವಳು ಕಾಯುತ್ತಿದ್ದದ್ದು ಇದಕ್ಕೇ.

ಅವಳದು ದಟ್ಟ ಕೂದಲು, ಟೋಪಿಯಿಂದ ಜಾರುತ್ತದೆ. ಆ ದಿನ ಒಂದೆಳೆಯೂ ಉದುರಬಾರದೆಂದು ಅತ್ತೆ ಕೈಯಲ್ಲೇ ನೂತ ರೇಷ್ಮೆಯ ಪಟ್ಟಿಯನ್ನು ಟೋಪಿಯೊಳಗೆ ಬಿಗಿದು ಕಟ್ಟಿದಳು. ಬಾಗಿಲ ಮೇಲಿನ ನಿಯಮದಲ್ಲಿ ಉಣ್ಣೆ ಬೇಡ, ಚರ್ಮ ಬೇಡ ಎಂದಿತ್ತು. ರೇಷ್ಮೆಯ ಮಾತೇ ಇರಲಿಲ್ಲ. ನಮ್ಮ ಕಡೆ ರೇಷ್ಮೆಯೆಂದರೇ ಮಡಿ, ದೇವರ ಮುಂದೆ ಉಡುವ ಬಟ್ಟೆ. ಅದಕ್ಕಿಂತ ಶುದ್ಧ ಇನ್ನೇನಿದೆ?

ಕೈ ಒಂದಿಷ್ಟೂ ನಡುಗಲಿಲ್ಲ. ಒಂದು ಚಿಟಿಕೆ ಪುಡಿ ಯಂತ್ರಕ್ಕೆ ಹೋಯಿತು. ಮೂರನೇ ವಾರ ಸುಮಿತಾ ಕುಣಿಯುತ್ತಾ ಬಂದಳು. "ಶ್ಯಾಮಲಕ್ಕಾ! ಆನೆ ಸರಕ್ಕೆ ಹೋಲ್ದೆ ಇರೋ ಒಂದು ಸರ ಸಿಕ್ಕಿದೆ. ಒಂದೇ ಥರ ಮಣಿ ಮತ್ತೆ ಮತ್ತೆ. ಯಾವ ಸಸ್ತನೀದೂ ಅಲ್ಲ. ಹೊಸಾದೇ ಏನೋ!"

ಹೊರಗಿನದೇನಾದರೂ ಸೇರಿದೆಯೇ ಎಂಬ ಪರೀಕ್ಷೆಗೆಂದು ಅದೇ ಕೋಣೆಯಲ್ಲಿ ಜೊತೆಗಿಟ್ಟ ಖಾಲಿ ನಳಿಕೆಯನ್ನು ಯಂತ್ರ ಇನ್ನೂ ಓದಿರಲಿಲ್ಲ. ಮೇಡಂ ಮಾತ್ರ ನಗಲಿಲ್ಲ. "ಒಳಗೆ ಏನಾದ್ರೂ ತಂದಿದ್ರಾ ಶ್ಯಾಮಲಾ?"

"ಇಲ್ಲ ಮೇಡಂ." ಅವಳ ಪಾಲಿಗೆ ಅದು ನಿಜವೇ ಆಗಿತ್ತು.

ಸಂಜೆ, ಹಲ್ಲು ಕೊರೆದ ದಿನ ಹಾಕಿದ್ದ ಟೋಪಿಯನ್ನು ಒಗೆಯಲು ಕಪಾಟಿನಿಂದ ತೆಗೆದಳು. ಒಳಗೆಲ್ಲ ಬಿಳಿ ನವಿರು ಎಳೆ, ಹುಳ ಗೂಡು ಕಟ್ಟುವ ಚಂದ್ರಿಕೆಯ ತಟ್ಟೆಗೆ ಅಂಟಿಕೊಳ್ಳುವಂಥದ್ದೇ. ನೋಡಿದೊಡನೆ ಗೊತ್ತಾಯಿತು, ಹುಳದ ರೇಷ್ಮೆಯೂ ಪ್ರೋಟೀನೇ ಅಲ್ಲವೇ! ಕಸದ ಬುಟ್ಟಿ ಒಂದು ಹೆಜ್ಜೆ ದೂರದಲ್ಲಿತ್ತು. ಹೇಳಿದರೆ ಡ್ರಿಲ್ಲು ಕೈ ಬಿಟ್ಟಂತೆಯೇ. ಹೇಳದಿದ್ದರೆ, ಎಂದೋ ಸತ್ತ ಪ್ರಾಣಿಯ ಹೆಸರಿಗೆ ತನ್ನ ಮನೆಯ ಹುಳ ಸೇರಿಬಿಡುತ್ತದೆ.

ಮನೆಯಲ್ಲಿ ಅತ್ತೆಗೆ ಹೇಳಿದಾಗ ಅವರಿಗೆ ಕೋಪವೇ ಬಂತು. "ರೇಷ್ಮೆ ಮೈಲಿಗೆ ಅಂದೋರು ಯಾರೇ? ಎಂಥ ಲ್ಯಾಬೇ ಅದು!"

"ಮೈಲಿಗೆ ಅಲ್ಲತ್ತೆ. ಆ ಹಲ್ಲಿಗೆ ಅದು ಬೇರೇದು, ಅಷ್ಟೇ."

ಮರುದಿನ ಟೋಪಿಯನ್ನು ಕವರಿನಲ್ಲಿ ಹಾಕಿ ಮೇಡಂ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಸುಮಿತಾಳ ಮುಖ ಬಾಡಿತು. ರೇಷ್ಮೆಹುಳದ ಪ್ರೋಟೀನ್ ಜೊತೆ ಇಟ್ಟು ನೋಡಿದರೆ ಮಣಿಗೆ ಮಣಿ ಅದೇ! ಖಾಲಿ ನಳಿಕೆಯಲ್ಲೂ ಅದೇ ಸಿಕ್ಕಿತು.

ಮೇಡಂ ಬಾಗಿಲ ಮೇಲಿನ ನಿಯಮದ ಹಾಳೆ ತೆಗೆದು ತಂದು ಕೊನೆಗೆ 'ರೇಷ್ಮೆ ಬೇಡ' ಎಂದು ಬರೆದರು. ಆಮೇಲೆ, "ನಮ್ಮ ನಿಯಮದಲ್ಲೂ ರೇಷ್ಮೆ ಇರ್ಲಿಲ್ಲ, ಅದು ನಂದೂ ತಪ್ಪು. ಇನ್ನೊಂದು ಚಿಟಿಕೆಗೆ ಒಪ್ಪಿಗೆ ಇದೆ. ನಿಮ್ಮಷ್ಟು ಚೆನ್ನಾಗಿ ಇಲ್ಲಿ ಯಾರೂ ಕೊರೆಯಲ್ಲ. ಪಟ್ಟಿ ಬಿಚ್ಚಿಟ್ಟು ನಾಳೆ ನೀವೇ ಕೊರೀರಿ" ಎಂದರು.

ಹೂಂ ಎನ್ನಬಹುದಿತ್ತು. ನಾನಾಗಿದ್ದರೆ ಎಂದೇಬಿಡುತ್ತಿದ್ದೆ.

"ಬ್ಯಾಡ ಮೇಡಂ. ಮನೇಲಿ ಹುಳ ಹಣ್ಣಾಗ್ಯವೆ. ಗೂಡು ಕಟ್ಟೋ ಟೈಮು, ಎಳೆ ಎಲ್ಲಾ ಕಡೆ ಹಾರ್ತದೆ, ತಲೇಲಿ, ಸೀರೇಲಿ. ಪಟ್ಟಿ ಬಿಚ್ಚಿದ್ರೆ ಓಗಲ್ಲ ಅದು. ಸುಮಿತಾನೇ ಕೊರೀಲಿ. ನಾನು ಗಾಜಿನಾಚೆ ನಿಂತು ಹೇಳ್ತೀನಿ."

ಹಾಗೇ ಆಯಿತು. ಗಾಜಿನ ಈಚೆ ಮೈಕಿನ ಮುಂದೆ ನಿಂತು, "ಮಣಿಕಟ್ಟು ಮೇಜಿಗೆ ಊರಮ್ಮಾ... ಒತ್ಬ್ಯಾಡ, ಬಿಸಿ ಆಗ್ತದೆ... ಹಾಂ, ಈಗ ತಿರುಗ್ಸು" ಎನ್ನುತ್ತಾ ಇಡೀ ಗಂಟೆ ತನ್ನದೇ ಕೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದಳಂತೆ.

ಈ ಸಲ ವಾರದಲ್ಲೇ ಯಂತ್ರ ಓದಿ ಮುಗಿಸಿತು. ಫೋನು ಬಂದಾಗ ಅವಳು ಮನೆಯಲ್ಲಿ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದಳು. ಎದುರಿಗೆ ಕೂತು ಪಕ್ಕದ ಮನೆಯ ನಾನೂ ಬಿಡಿಸುತ್ತಿದ್ದೆ.

"ರೇಷ್ಮೆ ಇಲ್ಲಕ್ಕಾ, ಸ್ವಚ್ಛ!" ಸುಮಿತಾಳ ದನಿ ನನಗೂ ಕೇಳಿಸಿತು.

"ನಮ್ ಆನೆಗೆ ಏನಾಗ್ಬೇಕು ಅದು? ತಾತನಾ?"

"ತಾತ ಅಲ್ಲ, ದಾಯಾದಿ ಇದ್ದಂಗಿದೆ. ಒಂದೇ ಹಲ್ಲಲ್ಲಿ ಗ್ಯಾರಂಟಿ ಹೇಳಕ್ಕಾಗಲ್ಲ. ಇನ್ನೆರಡು ಬರುತ್ವೆ."

"ದಾಯಾದಿನಾ? ಭಾಗ ಕೇಳಾಕ್ ಬತ್ತಾವೆ, ಉಸಾರು!" ಅತ್ತೆ ಒಳಗಿನಿಂದ ಕೂಗಿದರು.

ಶ್ಯಾಮಲಕ್ಕ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು. "ಆ ಎರಡ್ನ ಯಾರು ಕೊರೀತಾರೆ?"

"ನಿಮ್ಗೆ ಯಾವಾಗಾಗುತ್ತೆ ಕೇಳು ಅಂದ್ರು ಮೇಡಂ."

ಅವಳು ಇನ್ನೂ ಬಿಡಿಸದ ತಟ್ಟೆಗಳನ್ನು ಒಂದೊಂದಾಗಿ ಎಣಿಸಿದಳು. "ಈ ಗೂಡಿನ ಬೆಳೆ ಇಳೀಲಿ. ಮನೆ ತೊಳ್ದು, ಬಟ್ಟೆಬರೆ ಒಗ್ದು, ಎಂಟು ದಿನ ಬಿಟ್ಟು ಬತ್ತೀನಿ ಅಂತ ಹೇಳು."